ಬೆಳವಕ್ಕಿಗೆ ಕೊಟ್ಟ ಗೋದಲಿ

“ದೇವರು ನಮ್ಮನ್ನು ಇರುವ ಹಾಗೆಯೇ ಒಪ್ಪಿಕೊಳ್ಳುತ್ತಾನೆ ಎಂದು ಭಾನುವಾರ ಹೇಳಿದಿರಿ, ಗುರುಗಳೇ. ಅವನು ದೊಡ್ಡವನು, ಒಪ್ಪಿಕೊಳ್ಳಲಿ. ನನಗೇ ನನ್ನನ್ನು ಕಂಡರೆ ಆಗುವುದಿಲ್ಲ. ಅದಕ್ಕೇನು ಮಾಡಲಿ?”

ಹೀಗೆ ಕೇಳಿದವಳು ಸಗಾಯಮೇರಿ. ಚರ್ಚಿನ ಮಕ್ಕಳಿಗೆ ಧರ್ಮಪಾಠ ಹೇಳುವುದನ್ನು ಅವಳು ಚೌರಪ್ಪ ಗುರುಗಳ ಬಳಿ ಕಲಿಯುತ್ತಿದ್ದಳು. ಮೊದಲ ಪಾಠದ ದಿನ ಹತ್ತಿರ ಬಂದಿತ್ತು. ತನ್ನಿಂದ ಆಗುವುದಿಲ್ಲ, ಯೋಗ್ಯತೆ ಇರುವವರನ್ನು ನೋಡಿಕೊಳ್ಳಿ ಎಂದು ಹೇಳಲು ಅವಳು ಬಂದಿದ್ದಳು.

ಗುರುಗಳು ಅವಳಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳಿಗೆ ಹೆಣ್ಣು ಮಗು ಹುಟ್ಟಿ ಸ್ವಲ್ಪ ಕಾಲವಾಗಿತ್ತು. ಯಾವ ಕೆಲಸವೂ ಅವಳಿಗೆ ಅಚ್ಚುಕಟ್ಟಾಗಿ ಬರುತ್ತಿರಲಿಲ್ಲ. ಅನ್ನಕ್ಕಿಟ್ಟರೆ ತಳ ಹಿಡಿಯುತ್ತಿತ್ತು. ಮಗುವಿಗೆ ಸುತ್ತಿದ ಬಟ್ಟೆ ತೊಟ್ಟಿಲಿಗೆ ಹಾಕುವಷ್ಟರಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಜೋಗುಳ ಹಾಡಿದರೆ ಮಲಗಿದ್ದ ಮಗುವೂ ಏಳುತ್ತಿತ್ತು. ಇದನ್ನೆಲ್ಲ ಬೇರೆಯವರು ಹೇಳುವ ಮೊದಲು ಅವಳೇ ಹೇಳಿಕೊಳ್ಳುತ್ತಿದ್ದಳು. ಹೇಳಿ ಹೇಳಿ ಅದೊಂದು ಮಾತ್ರ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಬಾಣಂತನಕ್ಕೆಂದು ಅವಳ ಓರಗಿತ್ತಿ ಬೇರೆ ಊರಿನಿಂದ ಬಂದಿದ್ದಳು. ಓರಗಿತ್ತಿಯ ಕೈ ಮುಟ್ಟಿದ್ದೆಲ್ಲ ನೇರವಾಗುತ್ತಿತ್ತು. ಅವಳ ಅನ್ನ ಉದುರುದುರಾಗಿರುತ್ತಿತ್ತು. ಅವಳು ಎತ್ತಿಕೊಂಡರೆ ಮಗು ಸುಮ್ಮನಾಗುತ್ತಿತ್ತು. ಅವಳಿಗೆ ಮಾತ್ರ ಮಕ್ಕಳಿರಲಿಲ್ಲ.

ಕ್ರಿಸ್ಮಸ್ ಹತ್ತಿರವಾಯಿತು. ಓರಗಿತ್ತಿ ನಡುಮನೆಯಲ್ಲಿ ಹುಲ್ಲು ಹಾಸಿ, ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಕಟ್ಟಿದಳು. ಮಗು ಯೇಸುವನ್ನು ಮಲಗಿಸಿದ ಮೇವಿನ ತೊಟ್ಟಿಯ ನೆನಪಿಗೆ ಬಿದಿರ ಸೀಳಿನಿಂದ ಅಂಗೈಯಷ್ಟು ಗೋದಲಿಯನ್ನು ಹೆಣೆದು, ಹತ್ತಿ ತುಂಬಿ, ಅಂಚಿಗೆ ಜರಿ ಹೊಲಿದಳು. ಬಾಲಯೇಸುವಿನ ಬೊಂಬೆಯನ್ನು ಅದರಲ್ಲಿ ಮಲಗಿಸುವುದು ಹಬ್ಬದ ರಾತ್ರಿಯ ಪೂಜೆ ಮುಗಿದ ಮೇಲೆ. ಅಲ್ಲಿಯವರೆಗೆ ಗೋದಲಿ ಖಾಲಿ ಇರಬೇಕು. ಅದು ಅವರ ಪದ್ಧತಿ.

ಮನೆಯ ಹಿತ್ತಿಲಿನಲ್ಲಿ ಒಂದು ನಿಂಬೆ ಗಿಡ, ಒಂದು ನುಗ್ಗೆ ಮರ ಇದ್ದವು. ನಿಂಬೆಯಲ್ಲಿ ದರ್ಜಿ ಹಕ್ಕಿ ಎಲೆಗೆ ಎಲೆ ಹೊಲಿದು ಗೂಡು ಮಾಡಿತ್ತು. ನುಗ್ಗೆಯ ಕವಲಿನಲ್ಲಿ ಬೆಳವಕ್ಕಿ ನಾಲ್ಕು ಕಡ್ಡಿ ಅಡ್ಡ ಹಾಕಿ, ಅದನ್ನೇ ಗೂಡು ಎಂದುಕೊಂಡು ಮೊಟ್ಟೆ ಇಟ್ಟಿತ್ತು. ಕೆಳಗೆ ನಿಂತರೆ ಕಡ್ಡಿಯ ಸಂದಿಯಲ್ಲಿ ಮೊಟ್ಟೆ ಕಾಣುತ್ತಿತ್ತು. ಹೆಂಗಸು ಬಟ್ಟೆ ಒಣಹಾಕಲು ಬಂದಾಗಲೆಲ್ಲ ತಲೆಯೆತ್ತಿ, “ನಿನ್ನದೂ ನನ್ನಂಥದೇ ಕೈ” ಎನ್ನುತ್ತಿದ್ದಳು.

ಒಂದು ದಿನ ಅವಳು ಓರಗಿತ್ತಿಗೆ ಹೇಳಿದಳು.

“ಅಕ್ಕ, ಮಗುವನ್ನು ನೀವೇ ಇಟ್ಟುಕೊಳ್ಳಿ. ನನ್ನ ಕೈಯಲ್ಲಿ ಇದು ನೆಟ್ಟಗೆ ಬೆಳೆಯುವುದಿಲ್ಲ.”

ಓರಗಿತ್ತಿ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು.

“ನಿನ್ನ ಗಂಡನನ್ನು ಕೇಳಿದೆಯಾ?”

“ಕೇಳಿದೆ. ನಿನ್ನಿಷ್ಟ ಅಂದರು.”

ಕಷ್ಟದ ಮಾತು ಬಂದಾಗ ಅವಳ ಗಂಡ ಅವಳಿಗೆ ತುಂಬ ಸ್ವಾತಂತ್ರ್ಯ ಕೊಡುತ್ತಿದ್ದ.

“ನಾಳೆ ಅತ್ತುಕೊಂಡು ನನ್ನ ಬಾಗಿಲಿಗೆ ಬಂದು ನಿಂತರೆ?”

“ಬಂದರೆ ಬಾಗಿಲು ತೆಗೆಯಬೇಡಿ.”

ಓರಗಿತ್ತಿ ಬೇಡ ಎನ್ನಲಿಲ್ಲ. ಹಬ್ಬ ಮುಗಿಯಲಿ, ಕರೆದುಕೊಂಡು ಹೋಗುತ್ತೇನೆ ಎಂದಳು. ಆವತ್ತಿನಿಂದ ಮಗುವಿನ ಅಂಗಿಗಳನ್ನು ತನ್ನ ಪೆಟ್ಟಿಗೆಯಲ್ಲೇ ಮಡಿಸಿಡತೊಡಗಿದಳು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಗಾಳಿ ಬೀಸಿತು. ನುಗ್ಗೆಯ ಕೊಂಬೆ ತೂಗಾಡಿತು. ಬೆಳವಕ್ಕಿ ಹೆದರಿ ಹಾರಿತು. ಹೆಂಗಸು ಕೆಳಗೆ ನಿಂತು ನೋಡಿದಳು. ಮೊಟ್ಟೆಗಳು ಕಡ್ಡಿಗಳ ಮೇಲೆ ಅಲ್ಲಾಡುತ್ತಿದ್ದವು. ಅವಳು ಒಳಗೆ ಓಡಿ, ಖಾಲಿ ಗೋದಲಿಯನ್ನು ತಂದಳು. ಸ್ಟೂಲು ಹತ್ತಿ ಅದನ್ನು ಅದೇ ಕವಲಿಗೆ, ಗೂಡಿನ ಪಕ್ಕಕ್ಕೆ, ದಾರದಿಂದ ಬಿಗಿದಳು. ಮೊಟ್ಟೆಗಳನ್ನೆತ್ತಿ ಹತ್ತಿಯ ಮೇಲೆ ಇಟ್ಟಳು. ತಾನು ಮಾಡಿದ ಕೆಲಸ ಒಂದು ಸಲವಾದರೂ ಸರಿಯಾಗಿದೆ ಎಂದು ಅವಳಿಗೆ ಅನ್ನಿಸಿತು.

ಗಾಳಿ ನಿಂತಿತು. ಬೆಳವಕ್ಕಿ ಬಂತು. ಗೋದಲಿಯನ್ನು ನೋಡಿತು. ಅದನ್ನು ದಾಟಿ ಹೋಗಿ, ತನ್ನ ಬರಿಯ ಕಡ್ಡಿಗಳ ಮೇಲೆ ಎದೆಯೂರಿ ಕುಳಿತುಕೊಂಡಿತು. ಕೆಳಗೆ ಏನೂ ಇರಲಿಲ್ಲ. ಆದರೂ ಕುಳಿತೇ ಇತ್ತು.

ಹೆಂಗಸು ಕಾದಳು. ಉಶ್ ಉಶ್ ಎಂದಳು. ಕೋಲಿನಿಂದ ಗೋದಲಿಯನ್ನು ತೋರಿಸಿದಳು. ಹಕ್ಕಿ ಕೋಲನ್ನು ನೋಡಿತೇ ಹೊರತು ಮೊಟ್ಟೆಯನ್ನು ನೋಡಲಿಲ್ಲ.

ಅಷ್ಟರಲ್ಲಿ ಗೋದಲಿಯನ್ನು ಹುಡುಕುತ್ತ ಓರಗಿತ್ತಿ ಬಂದಳು.

“ಅಯ್ಯೋ ನಿನ್ನ! ಬಾಲಯೇಸುವಿನ ಹಾಸಿಗೆಯನ್ನು ಮರಕ್ಕೆ ಕಟ್ಟಿದ್ದೀಯಲ್ಲೇ!”

“ನೋಡಿ ಅಕ್ಕ, ಹತ್ತಿ ಹಾಸಿ ಕೊಟ್ಟರೂ ಬರುವುದಿಲ್ಲ. ಪೆದ್ದು ಹಕ್ಕಿ.”

“ಪೆದ್ದು ಯಾರು? ಅದು ತನ್ನ ಮನೆಯಲ್ಲಿ ಕೂತಿದೆ. ಮೊಟ್ಟೆ ಎತ್ತಿಕೊಂಡು ಹೋದವಳು ನೀನು. ತಣ್ಣಗಾಗುವ ಮೊದಲು ತಿರುಗಿ ಇಡು.”

ಹೆಂಗಸು ಸ್ಟೂಲು ಹತ್ತಿದಳು. ಹಕ್ಕಿ ಪಕ್ಕದ ಕೊಂಬೆಗೆ ಸರಿಯಿತು. ಮೊಟ್ಟೆಗಳು ಕಡ್ಡಿಯ ಮೇಲೆ ಬಂದವು. ಅವಳು ಗೋದಲಿಯನ್ನು ಬಿಚ್ಚಿ ಓರಗಿತ್ತಿಯ ಕೈಗೆ ಕೊಟ್ಟು, ಇಳಿದು ದೂರ ನಿಂತಳು. ಬೆಳವಕ್ಕಿ ಮರಳಿ ಬಂದು, ಒಂದು ಸಲ ಸುತ್ತು ತಿರುಗಿ, ಮೊಟ್ಟೆಗಳ ಮೇಲೆ ಕುಳಿತಿತು. ಕಣ್ಣು ಅರ್ಧ ಮುಚ್ಚಿತು.

ಇಬ್ಬರೂ ನೋಡುತ್ತ ನಿಂತರು. ಓರಗಿತ್ತಿ ಬಹಳ ಹೊತ್ತು ನೋಡಿದಳು.

ಒಳಗೆ ಮಗು ಅತ್ತಿತು. ಓರಗಿತ್ತಿ ಬಾಗಿಲ ಕಡೆಗೆ ಹೆಜ್ಜೆ ಎತ್ತಿದಳು. ಅವಳ ಕಾಲು ಯಾವಾಗಲೂ ಚುರುಕು. ಹೊಸ್ತಿಲ ಬಳಿ ನಿಂತಳು. ಗೋದಲಿಗೆ ಅಂಟಿದ್ದ ಒಂದು ಪುಕ್ಕವನ್ನು ಕಿತ್ತು, ಮುಖ ತಿರುಗಿಸಿಕೊಂಡೇ ಹೇಳಿದಳು.

“ಹೋಗು. ನಿನ್ನ ಮಗು ಅಳುತ್ತಿದೆ.”

ಹೆಂಗಸು ಹೋಗಿ ಮಗುವನ್ನು ಎತ್ತಿಕೊಂಡಳು. ಬಟ್ಟೆ ಸುತ್ತಿದಳು, ಅದು ಬಿಚ್ಚಿಕೊಂಡಿತು. ಜೋಗುಳ ಹಾಡಿದಳು, ದನಿ ಒಡೆದೇ ಇತ್ತು. ಮಗು ಇನ್ನಷ್ಟು ಹೊತ್ತು ಅತ್ತು, ಅವಳ ಹೆಗಲ ಮೇಲೆ ನಿದ್ದೆ ಹೋಯಿತು. ಹಬ್ಬ ಮುಗಿದ ಮೇಲೆ ಓರಗಿತ್ತಿ ಅಂಗಿಗಳನ್ನು ಪೆಟ್ಟಿಗೆಯಿಂದ ತೆಗೆದಿಟ್ಟು, ಒಬ್ಬಳೇ ಬಸ್ಸು ಹತ್ತಿದಳು. ಮುಂದಿನ ಹಬ್ಬಕ್ಕೆ ಮತ್ತೆ ಬಂದಳು.

ಗುರುಗಳು ಕತೆ ನಿಲ್ಲಿಸಿದರು.

ಸಗಾಯಮೇರಿಗೆ ಸಮಾಧಾನವಾಗಲಿಲ್ಲ. “ಅಂದರೆ ಅವಳೇನೂ ಬದಲಾಗಲಿಲ್ಲ. ಅನ್ನದ ತಳ ಹಿಡಿಯುತ್ತಲೇ ಇತ್ತು, ಅಲ್ಲವೇ?”

“ಎಷ್ಟೋ ವರ್ಷ ಹಿಡಿಯಿತು. ಆಮೇಲೆ ಕಡಿಮೆಯಾಯಿತು.”

“ಹಾಗಾದರೆ ನಾನೂ ಮೊದಲು ನನ್ನನ್ನು ಸರಿಮಾಡಿಕೊಳ್ಳುತ್ತೇನೆ, ಗುರುಗಳೇ. ಒಳಗೆಲ್ಲ ಕಸ ತುಂಬಿಕೊಂಡು ಕ್ರಿಸ್ತನನ್ನು ಹೇಗೆ ಕರೆಯಲಿ? ಚೊಕ್ಕಟವಾದ ಮೇಲೆ ಮಕ್ಕಳ ಮುಂದೆ ನಿಲ್ಲುತ್ತೇನೆ.”

ಗುರುಗಳು ಕೇಳಿದರು: “ಅವನು ಹುಟ್ಟುವ ಮೊದಲು ಆ ದನದ ಕೊಟ್ಟಿಗೆಯನ್ನು ಗುಡಿಸಿದವರು ಯಾರು?”