ಸುರಂಗದೊಳಗೆ ತೊಟ್ಟಿಲು

ಕರಿಗುಡ್ಡದ ಅರಸ ಮಾದರಸನ ಓಲಗದಲ್ಲಿ ಗಣಿಯ ಪಾರುಪತ್ಯಗಾರ ಭುಜಬಲಯ್ಯ ಮೀಸೆ ತೀಡಿಕೊಂಡು ಹೇಳಿದ: “ಪ್ರಭು, ನನ್ನ ಕಲ್ಲಿದ್ದಲ ಸುರಂಗದ ಚಾವಣಿ ಈ ಅರಮನೆಯ ಚಾವಣಿಗಿಂತ ಗಟ್ಟಿ. ಇವರಿಗೆ ಮೈಗಳ್ಳತನ, ಅಷ್ಟೆ.”

ಇವರು ಎಂದರೆ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ಗಣಿಯಾಳುಗಳು. ಹೊಸ ಸುರಂಗದಲ್ಲಿ ಮೇಲಿನಿಂದ ಕಲ್ಲು ಉದುರುತ್ತಿತ್ತು. ಹಿಂದಿನ ವಾರವೇ ಒಬ್ಬನ ಕಾಲು ಜಜ್ಜಿಹೋಗಿತ್ತು. ಆಸರೆಗೆ ಮರದ ಕಂಬ, ಗಾಳಿಗೊಂದು ಕಿಂಡಿ, ಓಡಿ ಬರಲು ಇನ್ನೊಂದು ದಾರಿ ಕೊಡಿಸಿ ಎಂದು ಅವರ ಹಿರಿಯ ಮಾಳಪ್ಪ ಬೇಡಿಕೊಂಡಿದ್ದ. ಕಂಬಕ್ಕೆಂದು ಕಡಿಸಿದ ಮರವೆಲ್ಲ ಭುಜಬಲಯ್ಯನ ಹೊಸ ಮಹಡಿಮನೆಯ ಅಂಗಳ ಸೇರಿದ್ದು ಅರಸನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಅರಸ ಪಾರುಪತ್ಯಗಾರನ ಮಾತಿಗೆ ತಲೆದೂಗಿದ. ನಾಳೆ ಬೆಳಗ್ಗೆ ಎಲ್ಲರೂ ಒಳಗಿಳಿಯಬೇಕು, ಒಲ್ಲದವರು ಊರು ಬಿಡಬೇಕು ಎಂದು ಅಪ್ಪಣೆಯಾಯಿತು.

ಓಲಗದಲ್ಲಿ ಅರಸನಿಗೆ ಎದುರಾಡುವ ಸಲುಗೆ ಇದ್ದದ್ದು ಅವನಿಗೆ ವೀಳ್ಯ ಮಡಿಸಿಕೊಡುವ ದೇಮಕ್ಕನೊಬ್ಬಳಿಗೇ. ಎದುರಾಡಿದರೆ ಅವನು ಹಟ ಹಿಡಿಯುತ್ತಾನೆಂಬುದೂ ಅವಳಿಗೆ ಗೊತ್ತಿತ್ತು. ಬಿಳಿಚಿಕೊಂಡ ಮಾಳಪ್ಪನ ಮುಖ ನೋಡಿ, ವೀಳ್ಯದೆಲೆಗೆ ಸುಣ್ಣ ಸವರುತ್ತಾ ಬಾಯಿ ತೆರೆದಳು.

“ಒಳ್ಳೆಯ ಸಮಯಕ್ಕೆ ಹೇಳಿದರು, ಪ್ರಭು. ಹುಣ್ಣಿಮೆಗೆ ನಿಮ್ಮ ಮೊಮ್ಮಗಳ ನಾಮಕರಣ. ನಿಮ್ಮ ವಂಶದಲ್ಲಿ ತೊಟ್ಟಿಲು ಕಟ್ಟುವುದು ರಾಜ್ಯದಲ್ಲೇ ಗಟ್ಟಿಯಾದ ಸೂರಿನ ಕೆಳಗೆ ಅಲ್ಲವೇ?”

“ಹೌದು. ಅದಕ್ಕೇ ಅರಮನೆಯಲ್ಲಿ.”

“ಅರಮನೆಗಿಂತ ಗಟ್ಟಿಯಾದದ್ದು ಸಿಕ್ಕಿತಲ್ಲ.”

ಯಾವ ರಾಜನ ಮನೆಯಲ್ಲೂ ನಡೆಯದ ನಾಮಕರಣವೆಂದು ಅರಸ ಹಿಗ್ಗಿದ. ತೊಟ್ಟಿಲ ಪಕ್ಕದಲ್ಲೇ ಕೂತು ಹಗ್ಗ ತೂಗುವ ಗೌರವ ಭುಜಬಲಯ್ಯನಿಗೇ ಎಂದ. ಭುಜಬಲಯ್ಯನ ಕೈ ಮೀಸೆಯಿಂದ ಕೆಳಗಿಳಿಯಿತು. ಒಳಗೆಲ್ಲ ಮಸಿ ಎಂದು ಗೊಣಗಿದ. ಮಸಿ ತೊಳೆದರೆ ಹೋಗುತ್ತದೆ ಎಂದಳು ದೇಮಕ್ಕ. ಕೊನೆಗೆ ಶೃಂಗಾರಕ್ಕಾದರೂ ಪುರುಸೊತ್ತು ಕೊಡಿ ಎಂದು ಅವನು ಕೈಮುಗಿದ. ಅದು ಮುಗಿಯುವವರೆಗೆ ಯಾರೂ ಒಳಗೆ ಅಗೆಯಬಾರದೆಂದು ದೇಮಕ್ಕ ಅರಸನ ಬಾಯಲ್ಲೇ ಹೇಳಿಸಿದಳು.

ಅಂಗಳದ ಮರವೆಲ್ಲ ಗಣಿಗೆ ಬಂತು. ಅದೂ ಸಾಲದೆ, ಮಹಡಿಗೆ ಹಾಕಿದ್ದ ತೊಲೆಗಳನ್ನೂ ಭುಜಬಲಯ್ಯ ಕಿತ್ತು ತರಿಸಿದ. ಮಾಳಪ್ಪ ಒಂದು ಕಂಬ ಸಾಕೆಂದ ಕಡೆ ಎರಡು ನಿಲ್ಲಿಸಪ್ಪಾ ಎಂದು ಇವನೇ ಅಂಗಲಾಚಿದ.

ನಾಮಕರಣದ ದಿನ ಅರಸ ಸುರಂಗದೊಳಗೆ ಸುತ್ತ ಕಣ್ಣಾಡಿಸಿದ.

“ಇಷ್ಟೊಂದು ಕಂಬ ಯಾಕಯ್ಯಾ?”

“ಹೂಮಾಲೆ ಕಟ್ಟಲು, ಪ್ರಭು,” ಎಂದ ಭುಜಬಲಯ್ಯ.

“ಮೇಲಿನ ಕಿಂಡಿ?”

“ಕೂಸಿಗೆ ಬಿಸಿಲು ಕಾಣಲಿ ಅಂತ.”

“ಹಿಂದೊಂದು ದಾರಿ?”

“ಊಟಕ್ಕೆ ಬೇಗ ಹೋಗಬಹುದಲ್ಲ.”

ತೊಟ್ಟಿಲು ತೂಗಿದ್ದಾಯಿತು, ಹೆಸರಿಟ್ಟಿದ್ದೂ ಆಯಿತು. ಕೂಸು ತಾಯಿಯ ಮಡಿಲು ಸೇರಿದ್ದೇ ತಡ, ಶೃಂಗಾರ ಬಿಚ್ಚಿಸಲೇ ಎಂದು ಭುಜಬಲಯ್ಯ ಕೇಳಿದ. ಅವನ ಮಹಡಿಗೆ ಸೂರಿರಲಿಲ್ಲ.

“ಬಿಚ್ಚಿಸಿ, ಪ್ರಭು,” ಎಂದಳು ದೇಮಕ್ಕ. “ಚಾವಣಿ ಹೇಗೂ ಗಟ್ಟಿ. ಮೊದಲ ಕಂಬ ಅವರೇ ಕೀಳಲಿ. ನಾವೆಲ್ಲ ಹೊರಗೆ ನಿಂತು ನೋಡೋಣ.”

ಭುಜಬಲಯ್ಯ ಪಕ್ಕದ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

ಅರಸ ಕಂಬವನ್ನು ನೋಡಿದ, ಮೊಮ್ಮಗಳನ್ನು ನೋಡಿದ, ಕೊನೆಗೆ ಮಾಳಪ್ಪನನ್ನು ನೋಡಿ ತಲೆ ತಗ್ಗಿಸಿದ. ಇಲ್ಲಿಯ ಒಂದು ಕಡ್ಡಿಯನ್ನೂ ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿ, ಕೊರಳ ಹಾರ ತೆಗೆದು ದೇಮಕ್ಕನಿಗೆ ಕೊಟ್ಟ. ಆಮೇಲೆ ಚಿಂತೆಗೆ ಬಿದ್ದ.

“ಅಲ್ಲ ದೇಮಕ್ಕ, ಮುಂದಿನ ಸುರಂಗ ತೆರೆದಾಗ ಹೆಸರಿಡಲು ನನಗೆ ಇನ್ನೊಬ್ಬ ಮೊಮ್ಮಗಳಿಲ್ಲವಲ್ಲ?”

“ಯೋಚನೆ ಬೇಡ, ಪ್ರಭು. ಭುಜಬಲಯ್ಯನವರ ಸೊಸೆಗೆ ಈಗ ಏಳು ತಿಂಗಳು.”