ಫೈಲಿನ ಮೊದಲ ಸಾಲು

ಗದಗಿನ ಒಂದು ಪ್ರೆಸ್ಸಿನಲ್ಲಿ ನೀಲಗಂಗಾ ಟೈಪಿಂಗ್ ಕೆಲಸಕ್ಕಿದ್ದಳು. ಹೊರಗಿನಿಂದ ಬಂದ ಫೈಲುಗಳ ಮೊದಲ ಸಾಲಿನಲ್ಲಿ ಒಮ್ಮೊಮ್ಮೆ ಅಪ್ಪಣೆ ಇರುತ್ತಿತ್ತು: ಅಕ್ಷರ ಇಷ್ಟು ದಪ್ಪ ಇರಲಿ, ಬಣ್ಣ ಹೀಗಿರಲಿ ಎಂದು. ಪಾಲಿಸುವ ಮೊದಲು ಕಂಪ್ಯೂಟರು "ಒಪ್ಪಲೇ?" ಎಂದು ಕೇಳುತ್ತಿತ್ತು.

ಮ್ಯಾನೇಜರ್ ಸಂಕಣ್ಣನವರಿಗೆ ಕಾಯುವುದೆಂದರೆ ಆಗದು. "ಬಂದವರ ಮುಂದ ಇದೇನ್ ಪ್ರಶ್ನಿ? ಫೈಲ್ ಹೇಳಿದ್ದನ್ನ ಮಷೀನ್ ಸುಮ್ನ ಮಾಡ್ಬೇಕು. ಕೇಳೋದು ಬಂದ್ ಮಾಡು."

"ಯಾರಾದ್ರೂ ಕೆಟ್ಟ ಅಪ್ಪಣಿ ಬರೆದಿದ್ರ, ಸರ್?"

"ಹೇಳಿದಷ್ಟು ಮಾಡು."

ನೀಲಗಂಗಾಳಿಗೆ ತಳಮಳ. ಊರಿನ ಅರ್ಧ ಬರಹಗಾರರ ಪುಸ್ತಕಗಳು ಆ ಕಂಪ್ಯೂಟರಿನಲ್ಲೇ ಇದ್ದವು. ಎಲ್ಲದರ ಪ್ರತಿ ತೆಗೆದಿಟ್ಟು, ಹೇಳಿದಷ್ಟು ಮಾಡಿದಳು. ಆಮೇಲೆ ಸುಮ್ಮನೆ ಕೂರಲಿಲ್ಲ.

ಮರುದಿನ ಸಂಕಣ್ಣನವರಿಗೆ ಸನ್ಮಾನವಿತ್ತು. ಹೊರಡುವ ಹೊತ್ತಿಗೆ ಭಾಷಣದ ಫೈಲು ತೆರೆದರೆ ಪುಟವೆಲ್ಲ ಖಾಲಿ. ಕುಂತರು, ಎದ್ದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಹೊರಗೆ ಕಾರು ಹಾರ್ನ್ ಹೊಡೆಯುತ್ತಿತ್ತು.

"ನನ್ನ ಭಾಷಣ ಎಲ್ಲಿ ಹೋತು?"

"ಅಲ್ಲೇ ಐತ್ರಿ. ಅಕ್ಷರಕ್ಕ ಬಿಳಿ ಬಣ್ಣ ಹಚ್ಚು ಅಂತ ಮೊದಲ ಸಾಲು ಹೇಳ್ತು. ಮಷೀನ್ ಸುಮ್ನ ಹಚ್ತು."

"ಆ ಸಾಲು ಬರೆದವರು ಯಾರು?"

"ನಾನ್ರಿ. ಬ್ಯಾರೆಯವರು ಬರೆದಿದ್ರ, ಬಿಳಿ ಮಾಡು ಅನ್ನೋ ಬದಲು ಅಳಿಸಿಬಿಡು ಅಂತ ಬರೀತಿದ್ರು."

ಸಂಕಣ್ಣನವರು ಒಂದು ಲೋಟ ನೀರು ಕುಡಿದರು. "ಮಷೀನ್ ಕೇಳ್ಲಿ ಬಿಡವಾ," ಎಂದರು.

ನೀಲಗಂಗಾ ಆ ಸಾಲನ್ನು ತೆಗೆದಳು. ಅಕ್ಷರದ ಗಾತ್ರದಂಥ ನಿರುಪದ್ರವಿ ಅಪ್ಪಣೆಯನ್ನು ಆಯಾ ಫೈಲಿನ ಮಟ್ಟಿಗೆ ಕೇಳದೆ ಪಾಲಿಸಲಿ, ಉಳಿದದ್ದಕ್ಕೆಲ್ಲ ಕೇಳಲಿ ಎಂದು ಹೊಂದಿಸಿದಳು.

ಮುಂದಿನ ವಾರ ಗಿರಾಕಿಯೊಬ್ಬರು "ಯಾಕ್ರಿ ತಡ?" ಎಂದಾಗ ಸಂಕಣ್ಣನವರು ಎದೆಯುಬ್ಬಿಸಿದರು. "ಕಂಡಕಂಡವರ ಮಾತಿಗೆ ನಮ್ಮ ಮಷೀನ್ ಕುಣಿಯಂಗಿಲ್ರಿ. ಈ ವ್ಯವಸ್ಥಾ ನಂದೇ."

ನೀಲಗಂಗಾ ತಲೆ ಎತ್ತದೆ ಟೈಪ್ ಮಾಡುತ್ತಿದ್ದಳು.