ಮುಳುಗುನೈದಿಲೆ ಯಾರ ದಾರಿ ಕಾಯುತ್ತದೆ

"ಕೇಳಿರಪ್ಪೋ ಕೇಳಿ! ಅರಸುಮಗಳು ಚಂದಲದೇವಿಯ ಮೂರು ಒಗಟು ಬಿಡಿಸಿದವನಿಗೆ ಮಗಳೂ ಉಂಟು, ಬೇಡಿದ ಬಹುಮಾನವೂ ಉಂಟು. ತಪ್ಪಿದವನಿಗೆ ತಲೆದಂಡ!"

ಡಂಗುರ ಕೇಳಿದ್ದೇ ತಡ, ಸೀಮೆಯ ಗಂಡಸರಿಗೆಲ್ಲ ಒಮ್ಮೆಲೇ ಬುದ್ಧಿ ಬಂದುಬಿಟ್ಟಿತು. ಒಗಟು ಮಗಳದು, ಕತ್ತಿ ಅಪ್ಪನದು. ಮದುವೆಯೇ ಬೇಡವೆಂದ ಮಗಳು ಕೊನೆಗೆ ತನ್ನ ಒಗಟು ಬಿಡಿಸಿದವನನ್ನಷ್ಟೇ ವರಿಸುವೆನೆಂದು ಹಟ ಹಿಡಿದಿದ್ದಳು. ಅರಮನೆಯ ಬಾಗಿಲಿಗೆ ಕಂಡವರೆಲ್ಲ ಬರಬಾರದೆಂದು ಅರಸ ಮಾರಭೂಪ ತಲೆದಂಡ ಸೇರಿಸಿದ್ದ. ಗೆದ್ದವನ ಕೈಗೆ ಅವನು ತುಂಬಿದ ಸಭೆಯಲ್ಲಿ ಮಗಳ ತಾಂಬೂಲ ಕೊಡಬೇಕು. ಆ ಸೀಮೆಯಲ್ಲಿ ಕೊಟ್ಟ ತಾಂಬೂಲವನ್ನು ಹಿಂದಕ್ಕೆ ಪಡೆಯುವಂತಿಲ್ಲ. ಅದು ಯಾರ ಕೈಯಲ್ಲಿದೆಯೋ ಹುಡುಗಿಯ ಮದುವೆಯ ಮಾತು ಅವರದೇ.

ಮೊದಲು ಬಂದ ಪಕ್ಕದ ಸೀಮೆಯ ಯುವರಾಜ ಮೊದಲ ಒಗಟಿಗೇ ಗಿಳಿ ಎಂದು ಸೆರೆಮನೆ ಸೇರಿದ. ಆಮೇಲೆ ಬಂದವನು ಹೊಳೆಯಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುವ ಬೈರ. ಎರಡನ್ನು ಸಲೀಸಾಗಿ ಬಿಡಿಸಿದವನು ಮೂರನೆಯದಕ್ಕೆ ಮೀಸೆ ತಿರುವುತ್ತಾ ದುಂಬಿ ಎಂದ. ಹುಣ್ಣಿಮೆಗೆ ಇಬ್ಬರ ತಲೆಯೂ ಹೋಗುವುದೆಂದಾಯಿತು.

ಹುಣ್ಣಿಮೆಯ ಬೆಳಿಗ್ಗೆ ಬೈರನ ತಮ್ಮ ದುಗ್ಗ ಕೆಸರುಗಾಲಿನಲ್ಲೇ ಸಭೆಗೆ ನಡೆದ. ಅವನಿಗೆ ಬೇಕಿದ್ದುದು ಅಣ್ಣ, ಅರಸುಮಗಳಲ್ಲ.

"ಅಣ್ಣನ ತಲೆ ಸಾಲದೇನೋ?" ಎಂದ ಅರಸ.

"ತಲೆ ನಂದು ಬುದ್ಧೀ. ಒಗಟು ಕೇಳ್ಸಿ."

ಚಂದಲದೇವಿ ಕೇಳಿದಳು: "ಮೇಲೆ ಹಸಿರು ಸೀರೆ, ಒಳಗೆ ಕೆಂಪು ಲಂಗ. ಹೊಳೆಯಲ್ಲೇ ಇರುವವಳು, ತೇಲಲು ಒಲ್ಲದವಳು. ಯಾರು?"

"ಮುಳುಗುನೈದಿಲೆ, ಅಮ್ಮಣ್ಣಿ. ಮಿಕ್ಕ ನೈದಿಲೆಗಳ ಎಲೆ ತೇಲ್ತದೆ, ಇದರದ್ದು ನೀರೊಳಗೇ ಇರ್ತದೆ. ಮೇಲೆ ಹಸಿರು, ಅಡೀಲಿ ಕೆಂಪು."

"ಕದ ತೆರೆಯದ ಮನೆ, ನೆಂಟರು ಕಾಲಿಡದ ಮನೆ. ಆದರೂ ತೊಟ್ಟಿಲು ತುಂಬಿದೆ. ಯಾವುದು?"

"ಅದರದ್ದೇ ಮೊಗ್ಗು. ಅರಳದೆ, ನೀರೊಳಗೆ ಮುಚ್ಕೊಂಡೇ ಬೀಜ ಕಟ್ತದೆ. ಬೀಜದ ಮೈಗೆ ಮುಳ್ಳು ಬೇರೆ."

"ಆ ಮನೆಯೊಡತಿ ಯಾರ ದಾರಿ ಕಾಯುತ್ತಿದ್ದಾಳೆ?" ಈ ಸಲ ಅವಳ ದನಿ ನಡುಗಿತು.

ದುಗ್ಗನಿಗೆ ಆಗ ಅರ್ಥವಾಯಿತು. ಇದು ಹೂವಿನ ಮಾತಲ್ಲ. ಹೂವನ್ನು ಬಲ್ಲ ಅಣ್ಣನೂ ಇಲ್ಲೇ ಎಡವಿದ್ದ. ಹೆಣ್ಣೊಬ್ಬಳು ಯಾರಿಗಾಗಿಯೂ ಕಾಯದೆ ಇದ್ದಾಳೆಂದು ಯಾವ ಮೀಸೆಗೂ ಹೊಳೆಯುವುದಿಲ್ಲ. ಉತ್ತರ ಹೇಳಿದರೆ ಇವಳು ತನ್ನ ಪಾಲು, ಹೇಳದಿದ್ದರೆ ಅಣ್ಣ ಮಣ್ಣಿನ ಪಾಲು. ಇಬ್ಬರನ್ನೂ ಇಕ್ಕಟ್ಟಿಗೆ ತಂದಿಟ್ಟ ಅರಸನ ಮೇಲೆ ಅವನಿಗೆ ಕೆಂಡದಂಥ ಸಿಟ್ಟು ಬಂತು.

"ಯಾರ ದಾರೀನೂ ಇಲ್ಲ. ಅವಳಿಗೆ ಯಾರೂ ಬೇಡ," ಎಂದ.

ಚಂದಲದೇವಿ ಸರಿ ಎಂದು ತಲೆಯಾಡಿಸಿದಳು, ಕಣ್ಣು ತುಂಬಿತ್ತು. ಅರಸ ಮುಖ ಸಿಂಡರಿಸಿಕೊಂಡೇ ತಾಂಬೂಲ ಕೊಟ್ಟ. ದುಗ್ಗ ಬಹುಮಾನವಾಗಿ ಸೆರೆಯಲ್ಲಿದ್ದ ಇಬ್ಬರ ಬಿಡುಗಡೆ ಕೇಳಿದ. ಅಣ್ಣ ಕಣ್ಣೆದುರು ಬಂದು ನಿಂತ ಮೇಲೆ ಸೀದಾ ನಡೆದು, ತಾಂಬೂಲವನ್ನು ಅರಸುಮಗಳ ಕೈಯಲ್ಲೇ ಇಟ್ಟ.

ಅರಸನ ಕೈ ಕತ್ತಿಗೆ ಹೋಯಿತು. "ನನ್ನ ಮಗಳನ್ನು ಬೇಡ ಅಂತೀಯೇನೋ?"

"ಬೇಡ ಅನ್ನೋಕೆ ನಾನ್ಯಾರು ಬುದ್ಧೀ? ಅವರ ಮಾತು ಅವರ ಕೈಗೆ ಕೊಟ್ಟೆ. ಕಿತ್ಕೊಳ್ಳೋದಾದ್ರೆ ಕಿತ್ಕೊಳ್ಳಿ, ಊರೆಲ್ಲ ನೋಡ್ತಾ ಇದೆ."

ಮಾರಭೂಪ ಸಭೆಯತ್ತ ನೋಡಿದ. ಎಲ್ಲರ ಕಣ್ಣೂ ಮಗಳ ಕೈಯ ತಾಂಬೂಲದ ಮೇಲಿತ್ತು; ಅವನು ಕತ್ತಿಯಿಂದ ಕೈ ತೆಗೆದ.

ಚಂದಲದೇವಿ ತಡಮಾಡಲಿಲ್ಲ. ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ, ಅಪ್ಪನ ಎದುರಿಗೇ ನಿಂತು ಜಗಿದಳು. ತುಟಿ ಕೆಂಪಾಯಿತು. ಕೊಟ್ಟ ತಾಂಬೂಲವನ್ನಾದರೂ ನಾಚಿಕೆ ಬಿಟ್ಟು ಕೇಳಬಹುದು. ತಿಂದ ತಾಂಬೂಲವನ್ನು ಯಾವ ಅರಸ ಕೇಳಿಯಾನು?